ಮರ ಕಡಿದಾಯ್ತು, ಬೊಡ್ಡೆ ಕೀಳೋದು ಹೇಗೆ?

ಮರ ಕಡಿಯುವವರು ಬೆಳಗ್ಗೆ ಬಂದು ಸಂಜೆಯೊಳಗೆ ದಿಮ್ಮಿ ಹೇರಿಕೊಂಡು ಹೋಗಿಬಿಡುತ್ತಾರೆ. ಬೊಡ್ಡೆ ಜಮೀನಿನವರ ತಲೆಗೆ ಉಳಿಯುತ್ತದೆ. ಉಳುವಾಗ ನೇಗಿಲು ಸಿಕ್ಕಿಕೊಳ್ಳುತ್ತದೆ, ಗೆದ್ದಲು ಹತ್ತುತ್ತದೆ, ಎರಡು ಹದ ಮಳೆ ಬಿದ್ದರೆ ಸುತ್ತಲೂ ಚಿಗುರಿ ಮತ್ತೆ ಮರವಾಗಲು ಹೊರಡುತ್ತದೆ. ಇದನ್ನು ಕೀಳಲು ಆನೆಬಲ ಬೇಕು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಯಾವ ಬೇರನ್ನು ಮೊದಲು ಕಡಿಯಬೇಕು, ಯಾವುದನ್ನು ಕೊನೆಗೆ ಬಿಡಬೇಕು ಅಂತ ಗೊತ್ತಿದ್ದರೆ ಇಬ್ಬರು ಆಳು, ಒಂದು ಹಾರೆ, ಒಂದು ಕೊಡಲಿ ಸಾಕು. ಸಾಧಾರಣ ಗಾತ್ರದ ಬೊಡ್ಡೆ ಹೊರಗೆ ಬರುತ್ತದೆ.

ಇಲ್ಲಿ ಹೆಚ್ಚಾಗಿ ಹೇಳುವುದು ನೀಲಗಿರಿ ಬೊಡ್ಡೆಯ ಬಗ್ಗೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು ಕಡೆ ಸದ್ಯ ಜಾಸ್ತಿ ಕೀಳುತ್ತಿರುವುದು ಅದನ್ನೇ. ಒಂದು ಕಾಲದಲ್ಲಿ ಸರ್ಕಾರವೇ ಸಸಿ ಕೊಟ್ಟು ನೆಡಿಸಿದ ಮರ ಇದು. 2017ರಲ್ಲಿ ಅದೇ ಸರ್ಕಾರ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಈಗ ಹೊಲವನ್ನು ಮತ್ತೆ ರಾಗಿಗೋ ಮಾವಿಗೋ ತಿರುಗಿಸಲು ಹೊರಟವರಿಗೆ ಮೊದಲು ಅಡ್ಡ ಬರುವುದು ಈ ಬೊಡ್ಡೆಗಳೇ.

ಕೊಡಲಿ ಎತ್ತುವ ಮುಂಚೆ

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ತೆಂಗು, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ನಿಮ್ಮ ಮರ ಆ ಪಟ್ಟಿಯಲ್ಲಿದೆಯಾ ಅಂತ ಹತ್ತಿರದ ಅರಣ್ಯ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ಗಂಧದ ಮರದ ಬೊಡ್ಡೆಯನ್ನಂತೂ ಇಲಾಖೆಗೆ ತಿಳಿಸದೆ ಮುಟ್ಟಲೇಬೇಡಿ. ಅದರ ಬೇರಿನಲ್ಲೇ ಎಣ್ಣೆ ಜಾಸ್ತಿ, ಅಂದರೆ ಬೆಲೆಯೂ ಅಲ್ಲೇ.

ಎಲ್ಲ ಬೊಡ್ಡೆಯನ್ನೂ ಕೀಳಲೇಬೇಕು ಅಂತಿಲ್ಲ. ಮಲೆನಾಡಿನ ಇಳಿಜಾರು, ಹಳ್ಳದ ದಡ, ಹೊಲದ ಬದು ಇಂಥ ಕಡೆ ಮಣ್ಣು ಹಿಡಿದುಕೊಂಡಿರುವುದೇ ಆ ಬೇರುಗಳು. ಕಿತ್ತರೆ ಮುಂದಿನ ಮಳೆಗೆ ಗುಂಡಿಯಿಂದಲೇ ಕೊರಕಲು ಶುರುವಾಗುತ್ತದೆ. ಮನೆ ಪಾಯ, ಬಾವಿ, ಕಾಂಪೌಂಡ್ ಗೋಡೆಗೆ ಅಂಟಿಕೊಂಡಿರುವುದನ್ನೂ ನೆಲಮಟ್ಟಕ್ಕೆ ಕೊಯ್ದು, ಚಿಗುರದಂತೆ ನೋಡಿಕೊಂಡರೆ ಸಾಕು.

ಇನ್ನೊಂದು ತಿಳಿದಿರಬೇಕು: ನಿಮ್ಮ ಮರ ಎಲ್ಲಿಂದ ಚಿಗುರುವ ಜಾತಿ? ನೀಲಗಿರಿ ಚಿಗುರುವುದು ಬೊಡ್ಡೆಯಿಂದ. ಬೊಡ್ಡೆ ಹೊರಗೆ ಬಂದರೆ ಮಣ್ಣಲ್ಲಿ ಉಳಿದ ಪಕ್ಕದ ಬೇರಿನ ಬಗ್ಗೆ ಚಿಂತೆ ಬೇಡ. ಹೊಂಗೆ, ಬೇವು, ಆಕಾಶಮಲ್ಲಿಗೆ ಹಾಗಲ್ಲ. ಬೇರಿನಿಂದಲೇ ಮರಿ ಬರುತ್ತದೆ. ಆದಷ್ಟು ದೂರದವರೆಗೆ ಬೇರು ಎಳೆದು ತೆಗೆಯಬೇಕು, ಒಂದೆರಡು ವರ್ಷ ಮರಿ ಕೀಳುತ್ತಲೇ ಇರಬೇಕು. ತೆಂಗು, ಅಡಿಕೆ ಕಡಿದ ಮೇಲೆ ಚಿಗುರುವ ಮಾತೇ ಇಲ್ಲ.

ಮರ ಇನ್ನೂ ನಿಂತಿದ್ದರೆ ನೀವು ಅದೃಷ್ಟವಂತರು. ಬುಡಕ್ಕೆ ಸಮನಾಗಿ ಕೊಯ್ಯಿಸಬೇಡಿ. ನೆಲದಿಂದ ಮೂರು ನಾಲ್ಕು ಅಡಿ ಬಿಟ್ಟು ಕೊಯ್ಯಲು ಹೇಳಿ. ಮರ ಕೊಂಡವನು ಒಪ್ಪಲ್ಲ, ಬುಡದ ಕಡೆಯೇ ತೂಕ ಜಾಸ್ತಿ ಅಂತಾನೆ. ಆ ಮೂರು ಅಡಿಯ ದುಡ್ಡು ಬಿಟ್ಟುಕೊಟ್ಟರೂ ನಷ್ಟವಿಲ್ಲ. ಬೇರು ಕಡಿದ ಮೇಲೆ ಹಗ್ಗ ಕಟ್ಟಿ ಅಲ್ಲಾಡಿಸಲು ಹಿಡಿಕೆ ಅಂತ ಇರುವುದು ಅದೊಂದೇ. ನೆಲಮಟ್ಟಕ್ಕೆ ಕೊಯ್ದ ಬೊಡ್ಡೆಗೆ ಹಗ್ಗ ಎಲ್ಲಿಗೆ ಕಟ್ಟುತ್ತೀರಿ?

ಕೈಯಲ್ಲಿ ಕೀಳುವ ಬಗೆ

ಕೆಂಪು ಮಣ್ಣಿನ ಕಡೆ ಮುಂಗಾರಿನ ಮೊದಲ ಒಂದೆರಡು ಮಳೆ ಬಿದ್ದ ಮೇಲೆ ಕೈ ಹಾಕಿ. ಬೇಸಿಗೆಯಲ್ಲಿ ಹಾರೆ ಹಾಕಿದರೆ ಕಲ್ಲಿಗೆ ಹೊಡೆದಂತೆ ಟಣ್ ಎನ್ನುವ ನೆಲ ಆಗ ಗುದ್ದಲಿಗೆ ಸಿಗುತ್ತದೆ. ಮಳೆಗೆ ಕಾಯಲಾಗದಿದ್ದರೆ ಬೊಡ್ಡೆ ಸುತ್ತ ಪಾತಿ ಮಾಡಿ ಹಿಂದಿನ ದಿನ ನೀರು ಬಿಡಿ. ಹಳೇ ಬೊಡ್ಡೆಯಾದರೆ ನೀರು ಬಿಡುವುದರಿಂದ ಇನ್ನೊಂದು ಲಾಭ ಇದೆ. ಪೊಟರೆಯಲ್ಲಿ ಹಾವೋ ಚೇಳೋ ಇದ್ದರೆ ಮೊದಲೇ ಹೊರಗೆ ಬರುತ್ತದೆ. ಬೋರ್‌ವೆಲ್ ಪೈಪು, ಮೋಟರಿನ ಕೇಬಲ್ಲು ಎಲ್ಲಿ ಹೋಗಿದೆ ಅಂತ ಗುರುತು ಹಾಕಿಕೊಳ್ಳುವುದೂ ಆಗಲೇ.

ಬೊಡ್ಡೆಯಿಂದ ಎರಡು ಮೂರು ಅಡಿ ಬಿಟ್ಟು ಸುತ್ತಲೂ ಅಗೆಯಿರಿ. ಬೊಡ್ಡೆಗೆ ಅಂಟಿಕೊಂಡೇ ಅಗೆಯುವುದು ಎಲ್ಲರೂ ಮಾಡುವ ಎಡವಟ್ಟು. ಅಲ್ಲಿ ಕೊಡಲಿ ಬೀಸಲು ಜಾಗವೇ ಇರಲ್ಲ. ಮೇಲಿನ ಅರ್ಧ ಅಡಿ ಮಣ್ಣು ಒಂದು ಕಡೆ ಹಾಕಿ, ಕೆಳಗಿನದು ಇನ್ನೊಂದು ಕಡೆ. ಆಮೇಲೆ ಗುಂಡಿ ಮುಚ್ಚುವಾಗ ಇದು ಬೇಕಾಗುತ್ತದೆ.

ಒಂದು ಅಡಿ ಇಳಿಯುವಷ್ಟರಲ್ಲಿ ಪಕ್ಕದ ಬೇರುಗಳು ಕಾಣುತ್ತವೆ. ನೀಲಗಿರಿಯಲ್ಲಿ ಇವು ತೊಡೆಗಾತ್ರ ಇದ್ದರೂ ಆಶ್ಚರ್ಯವಿಲ್ಲ. ಎರಡು ಮೂರು ಸಲ ಕಡಿದು ಕೂಳೆ ಬಿಟ್ಟ, ಅಂದರೆ ಮತ್ತೆ ಚಿಗುರಿ ಬೆಳೆಯಲು ಬಿಟ್ಟ ಬೊಡ್ಡೆಯಾದರೆ ತಲೆ ಅಗಲವಾಗಿ ಗಂಟುಗಂಟಾಗಿರುತ್ತದೆ. ಹಳೇ ಕೊಯ್ತದ ಗುರುತು, ಅದರ ಪಕ್ಕ ಹೊಸ ಕಾಂಡದ ಗುರುತು ಒಂದರ ಮೇಲೊಂದು ಕೂತಿರುತ್ತವೆ. ಅದರ ಮೇಲೆ ಕೊಡಲಿ ಹಾಕಿದರೆ ಚಕ್ಕೆ ಏಳುವ ಬದಲು ಕೊಡಲಿಯೇ ಪುಟಿಯುತ್ತದೆ. ಆ ಗಂಟಿನ ಗೊಡವೆಗೆ ಹೋಗಬೇಡಿ. ಕಡಿಯಬೇಕಾಗಿರುವುದು ಬೇರನ್ನು.

ಬೇರಿನ ಮೇಲಿನ ಮಣ್ಣನ್ನು ಮಚ್ಚಿನ ತುದಿಯಿಂದ ಕೆರೆದು ಒಂದು ಚೊಂಬು ನೀರು ಸುರಿದು ತೊಳೆಯಿರಿ. ಒಂದೇ ಒಂದು ಬೆಣಚುಕಲ್ಲು ಸಿಕ್ಕರೂ ಕೊಡಲಿ ಬಾಯಿ ಹೋಯ್ತು ಅಂತಲೇ. ಮರ ಕೊಯ್ಯುವ ಮೆಷಿನ್ನನ್ನು ಮಣ್ಣಿನೊಳಗೆ ಇಳಿಸಲೇಬೇಡಿ. ಮಣ್ಣು ಕಚ್ಚಿದರೆ ಚೈನು ಕ್ಷಣದಲ್ಲಿ ಮೊಂಡಾಗುತ್ತದೆ, ಒಮ್ಮೊಮ್ಮೆ ಮೆಷಿನ್ನು ಮುಖದ ಕಡೆಗೇ ಒದೆಯುತ್ತದೆ.

ಪ್ರತಿ ಬೇರನ್ನೂ ಎರಡು ಕಡೆ ಕಡಿಯಬೇಕು. ಮೊದಲು ಗುಂಡಿಯ ಹೊರಅಂಚಿನಲ್ಲಿ, ಆಮೇಲೆ ಬೊಡ್ಡೆಯ ಹತ್ತಿರ. ನಡುವಿನ ತುಂಡನ್ನು ಎತ್ತಿ ಹಾಕಿ. ಒಂದೇ ಕಡೆ ಕಡಿದು ಬಿಟ್ಟರೆ ಬೇರು ಮಣ್ಣಲ್ಲೇ ಇರುತ್ತದೆ, ಬೊಡ್ಡೆ ವಾಲಿಸುವಾಗ ತುದಿ ಹೋಗಿ ಮಣ್ಣಿಗೆ ಚುಚ್ಚಿಕೊಂಡು ಊರುಗೋಲಿನ ಹಾಗೆ ನಿಲ್ಲುತ್ತದೆ. ಎಷ್ಟೋ ಜನ ಎಲ್ಲ ಬೇರೂ ಕಡಿದೆ, ಆದರೂ ಅಲ್ಲಾಡ್ತಿಲ್ಲ ಅಂತ ಕೈಚೆಲ್ಲುವುದು ಇದೇ ಕಾರಣಕ್ಕೆ. ನೀಲಗಿರಿಯ ಹಸಿ ಬೇರು ಕಡಿದಾಗ ಕೆಂಪಗೆ ಅಂಟು ಒಸರುತ್ತದೆ. ಬಟ್ಟೆಗೆ ಹತ್ತಿದರೆ ಹೋಗಲ್ಲ, ಹಳೇದನ್ನೇ ಹಾಕಿಕೊಂಡು ಹೋಗಿ.

ಸುತ್ತಲಿನ ಬೇರು ಮುಗಿದ ಮೇಲೆ ಒಂದು ಬದಿಯಲ್ಲಿ ಬುಡದ ಕೆಳಕ್ಕೆ ಅಗೆಯಿರಿ. ಬಿಟ್ಟಿದ್ದ ಮೋಟಿನ ತುದಿಗೆ ದಪ್ಪ ಹಗ್ಗ ಕಟ್ಟಿ, ಅಗೆದ ಬದಿಗೆ ಎಳೆದು ಬಿಡಿ, ಎಳೆದು ಬಿಡಿ. ಅಲ್ಲಾಡಲು ಶುರುವಾದರೆ ಹಾರೆ ಕೊಟ್ಟು ಮೀಟಿ. ಹಾರೆ ಕೆಳಗೆ ಒಂದು ಚಪ್ಪಡಿ ಚೂರು ಇಟ್ಟುಕೊಂಡರೆ ಮಣ್ಣಲ್ಲಿ ಹೂತುಕೊಳ್ಳಲ್ಲ. ಬೊಡ್ಡೆ ವಾಲಿ ತಾಯಿಬೇರು ಕಂಡಾಗ ಅದನ್ನು ಕಡಿಯಿರಿ. ವಾಲಿದ ಬೊಡ್ಡೆಯ ಕೆಳಗೆ ಕಾಲಿಟ್ಟುಕೊಂಡು ಮಾತ್ರ ಕಡಿಯಬಾರದು. ಕಲ್ಲೋ ದಿಮ್ಮಿಯೋ ಒತ್ತು ಕೊಟ್ಟು, ಬದಿಗೆ ನಿಂತು ಕಡಿಯಿರಿ.

ಟ್ರ್ಯಾಕ್ಟರು, ಜೆಸಿಬಿ

ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಬೇರು ಕಡಿಯದೆ ಎಳೆಯುವುದು ಜೀವಕ್ಕೇ ಅಪಾಯ. ಬೊಡ್ಡೆ ಜಗ್ಗದೇ ಹೋದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತಲೂ ಸಮಯ ಸಿಗಲ್ಲ. ಎಳೆಯಲೇಬೇಕಾದರೆ ಸರಪಳಿಯನ್ನು ಹಿಂದಿನ ಕೆಳಗಿನ ಕೊಕ್ಕೆಪಟ್ಟಿಗೆ ಮಾತ್ರ ಕಟ್ಟಿ. ಮೇಲಿನ ಲಿಂಕಿಗೆ, ಆಕ್ಸೆಲ್ಲಿಗೆ ಬೇಡ. ಲೋ ಗೇರಿನಲ್ಲಿ ನಿಧಾನಕ್ಕೆ ಎಳೆಯಿರಿ, ಜರ್ಕ್ ಹೊಡೆಯಬೇಡಿ. ಸರಪಳಿ ಕಿತ್ತು ಬೀಸಿದರೆ ತಲುಪುವಷ್ಟು ದೂರದಲ್ಲಿ ಮಕ್ಕಳು ಮರಿ ಯಾರೂ ನಿಂತಿರಬಾರದು.

ಎಕರೆಗಟ್ಟಲೆ ನೀಲಗಿರಿ ಇದ್ದರೆ ಕೈಕೆಲಸದ ಮಾತು ಬಿಡಿ, ಜೆಸಿಬಿಯೇ ಸರಿ. ಬಾಡಿಗೆ ಗಂಟೆ ಲೆಕ್ಕ. ಹಾಗಾಗಿ ಅದು ಬರುವ ಮೊದಲೇ ಪೊದೆ ಸವರಿ, ಪ್ರತಿ ಬೊಡ್ಡೆಯೂ ಕಾಣುವಂತೆ ಸುಣ್ಣ ಬಳಿದಿಡಿ. ಹಿಂದಿನ ಬಕೆಟ್ಟಿನಲ್ಲಿ ಮೂರು ಬದಿ ಬೇರು ಹರಿದು, ನಾಲ್ಕನೇ ಬದಿಯಿಂದ ಎತ್ತಬೇಕು. ಎತ್ತಿದ್ದನ್ನು ಅಲ್ಲೇ ಗುಂಡಿ ಮೇಲೆ ಒಂದೆರಡು ಸಲ ಕುಟ್ಟಿ ಮಣ್ಣು ಉದುರಿಸಲು ಆಪರೇಟರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ನಿಮ್ಮ ಹೊಲದ ಒಳ್ಳೆ ಮಣ್ಣೆಲ್ಲ ಬೊಡ್ಡೆಯ ಜೊತೆ ಬದುವಿಗೆ ಹೋಗುತ್ತದೆ. ಎರೆಮಣ್ಣಿನಲ್ಲಿ ನೆಲ ಹಸಿ ಇದ್ದಾಗ ಜೆಸಿಬಿ ಇಳಿಸಬೇಡಿ. ಚಕ್ರ ಹೋದ ಜಾಡು ಗಟ್ಟಿಯಾದರೆ ಸಡಿಲಾಗಲು ವರ್ಷಗಳೇ ಹಿಡಿಯುತ್ತವೆ.

ಕೀಳದೆ ಕೊಲ್ಲುವುದು

ಕಾಯಲು ತಾಳ್ಮೆ ಇದ್ದರೆ ಬೊಡ್ಡೆಯನ್ನು ಕೊಳೆಸಬಹುದು. ಮೇಲ್ಮೈಯಲ್ಲಿ ಅಲ್ಲಲ್ಲಿ ದಪ್ಪ ಬೈರಿಗೆಯಿಂದ ಅರ್ಧದಿಂದ ಮುಕ್ಕಾಲು ಅಡಿ ಆಳದ ತೂತು ಕೊರೆಯಿರಿ. ಸಗಣಿ ಬಗ್ಗಡಕ್ಕೆ ಒಂದು ಹಿಡಿ ಯೂರಿಯಾ ಸೇರಿಸಿ ತುಂಬಿ, ಮೇಲೆ ಮಣ್ಣು, ಹಸಿ ಗೋಣಿ ಮುಚ್ಚಿ. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವ ಬೇಕು, ಸಾರಜನಕ ಬೇಕು. ಗೋಣಿ ಒಣಗಿದರೆ ಕೆಲಸ ನಿಂತಿತು. ನುಗ್ಗೆ, ಮಾವು, ಗುಲ್‌ಮೊಹರ್‌ನಂಥ ಮೆದು ಮರ ಬೇಗ ಕೊಳೆಯುತ್ತದೆ. ತೇಗ, ಹೊನ್ನೆಯ ಚೇಗು (ನಡುವಿನ ಗಟ್ಟಿ ತಿರುಳು) ಜಪ್ಪಯ್ಯ ಅನ್ನಲ್ಲ.

ನೀಲಗಿರಿಗೆ ಇದರ ಜೊತೆ ಸಿಪ್ಪೆ ಸುಲಿಯುವುದೂ ಬೇಕು. ಬುಡದ ಮಣ್ಣು ಸರಿಸಿ, ನೆಲದಿಂದ ಗೇಣುದ್ದ ಕೆಳಗಿನವರೆಗೆ ತೊಗಟೆ ತೆಗೆಯಿರಿ. ಮೊಗ್ಗು ಅಡಗಿರುವುದು ಅಲ್ಲೇ. ಬಂದ ಚಿಗುರನ್ನು ಎಳೆಯದರಲ್ಲೇ ಮುರಿಯುತ್ತಾ ಹೋದರೆ ಬೇರಿನ ಕೂಡಿಟ್ಟ ಆಹಾರ ಖಾಲಿಯಾಗಿ ಸಾಯುತ್ತದೆ. ಮೇಕೆ ತಿನ್ನುತ್ತವೆ ಬಿಡು ಅಂತ ಕೂರಬೇಡಿ, ನೀಲಗಿರಿ ಸೊಪ್ಪನ್ನು ಮೇಕೆಯೂ ಮೂಸಿ ಬಿಡುತ್ತದೆ.

ತೂತಿನಲ್ಲಿ ಇಂಗು ಇಡಿ, ಪಾದರಸ ಹಾಕಿ ಅಂತ ಊರಲ್ಲಿ ಸಲಹೆ ಕೊಡುವವರು ಸಿಗುತ್ತಾರೆ. ಇಂಗಿನ ದುಡ್ಡು ದಂಡ. ಪಾದರಸ ವಿಷ, ಮಣ್ಣಿಗೆ ನೀರಿಗೆ ಸೇರಿದರೆ ತೆಗೆಯಲಾಗದು. ಮೂಟೆಗಟ್ಟಲೆ ಉಪ್ಪು, ಬ್ಯಾಟರಿ ಆಸಿಡ್ಡೂ ಬೇಡ. ಬೊಡ್ಡೆಗಿಂತ ಮೊದಲು ನೆಲ ಸಾಯುತ್ತದೆ.

ಭತ್ತದ ಹೊಟ್ಟು, ಬೆರಣಿ ತುಂಬಿ ನಿಧಾನಕ್ಕೆ ಸುಡುವ ಪದ್ಧತಿಯೂ ಇದೆ. ಚೆನ್ನಾಗಿ ಒಣಗಿದ ಬೊಡ್ಡೆಗೆ, ಸುತ್ತ ಬಯಲಿದ್ದರೆ ಮಾತ್ರ ಇದು ಸರಿ. ಮೇಲೆ ಆರಿದಂತೆ ಕಂಡರೂ ಕೆಂಡ ಬೇರಿನೊಳಗೇ ದಿನಗಟ್ಟಲೆ ಹರಿದು ಇನ್ನೆಲ್ಲೋ ಏಳುತ್ತದೆ. ಬೇಸಿಗೆಯಲ್ಲಿ, ತೋಟದ ಪಕ್ಕ, ಕಾಡಂಚಿನಲ್ಲಿ ನಾನಂತೂ ಬೇಡ ಅನ್ನುತ್ತೇನೆ.

ತೆಂಗು, ಅಡಿಕೆ, ಕಾಫಿಯವರಿಗೆ

ತೆಂಗಿನ ಬೊಡ್ಡೆಯನ್ನು ತೋಟದಲ್ಲಿ ಕೊಳೆಯಲು ಬಿಡಲೇಬಾರದು. ರೈನೋಸರಸ್ ದುಂಬಿ ಮೊಟ್ಟೆ ಇಡುವುದೇ ಅಂಥ ಜಾಗದಲ್ಲಿ. ಒಂದು ಸತ್ತ ಬೊಡ್ಡೆಯಿಂದ ಎದ್ದ ದುಂಬಿ ಸುತ್ತಲಿನ ಮರಗಳ ಸುಳಿ ಕೊರೆಯುತ್ತದೆ. ತೆಂಗಿಗೆ ತಾಯಿಬೇರಿಲ್ಲ, ಬೆರಳು ಗಾತ್ರದ ಸಾವಿರಾರು ಬೇರು. ಕೊಡಲಿಗಿಂತ ಹರಿತವಾದ ಪಿಕಾಸಿ ಮೇಲು. ಸುತ್ತ ಕೊಚ್ಚಿಕೊಂಡು ಹೋದರೆ ಗಡ್ಡೆ ಇಡಿಯಾಗಿ ಕಳಚುತ್ತದೆ.

ಅಣಬೆ ರೋಗದಿಂದ ಸತ್ತ ತೆಂಗು, ಅಡಿಕೆಯಾದರೆ ಬೇರು ಸಮೇತ ತೆಗೆದು ಸುಟ್ಟು, ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೋಡಿ. ಹಾಗೆ ಮಾಡಿದರೆ ಬೇರಿನಿಂದ ಬೇರಿಗೆ ರೋಗ ದಾಟುವುದು ನಿಲ್ಲುತ್ತದೆ. ಕಾಫಿ ತೋಟದಲ್ಲೂ ನೆರಳಿನ ಮರದ ಬೊಡ್ಡೆಯಿಂದ ಗಿಡಗಳಿಗೆ ಬೇರುರೋಗ ಹತ್ತುತ್ತದೆ. ಅದಕ್ಕೇ ಕಡಿಯುವ ಮೊದಲೇ ಬುಡದ ಸುತ್ತ ತೊಗಟೆ ಸುಲಿದು ಮರವನ್ನು ನಿಂತಲ್ಲೇ ಒಣಗಿಸುವುದು ಅಲ್ಲಿನ ಹಳೇ ರೂಢಿ.

ಗುಂಡಿ ಮುಚ್ಚುವುದು

ಬೊಡ್ಡೆ ಚೂರು, ಬೇರಿನ ತುಂಡುಗಳನ್ನು ಗುಂಡಿಗೇ ತಳ್ಳಿ ಮುಚ್ಚಬೇಡಿ. ಗೆದ್ದಲಿಗೆ ಗೂಡು ಕಟ್ಟಿಕೊಟ್ಟಂತೆ, ಕೊಳೆತ ಮೇಲೆ ನೆಲ ಕುಸಿಯುತ್ತದೆ ಬೇರೆ. ನೀಲಗಿರಿ ಬೊಡ್ಡೆಗೆ ಸೌದೆಯಾಗಿ ಗಿರಾಕಿ ಇದ್ದೇ ಇರುತ್ತಾರೆ. ಬಿಸಿಲಿಗೆ ಒಣಗಿಸಿ ಮಾರಿದರೆ ಜೆಸಿಬಿ ಬಾಡಿಗೆಯಲ್ಲಿ ಒಂದು ಪಾಲು ಹುಟ್ಟುತ್ತದೆ.

ಕೆಳಗಿನ ಮಣ್ಣನ್ನು ಮೊದಲು ಹಾಕಿ ತುಳಿಯಿರಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಮೇಲ್ಮಣ್ಣು ಕೊನೆಗೆ. ನೆಲಕ್ಕಿಂತ ಗೇಣು ಎತ್ತರಕ್ಕೇ ಹಾಕಿ, ಒಂದು ಮಳೆಗಾಲದಲ್ಲಿ ಇಳಿದು ಸಮ ಆಗುತ್ತದೆ. ಮಾವಿನ ಸಸಿ ನೆಡುವವರು ಹಳೇ ಗುಂಡಿಯಲ್ಲೇ ನೆಡದೆ ನಾಲ್ಕೈದು ಅಡಿ ಪಕ್ಕಕ್ಕೆ ಸರಿಯಿರಿ. ಮೊದಲ ವರ್ಷ ಹುರುಳಿಯೋ ಅಲಸಂದೆಯೋ ಚೆಲ್ಲಿದರೆ ನೆಲಕ್ಕೂ ಒಳ್ಳೆಯದು. ಬಿತ್ತುವ ಮುಂಚೆ ಐದು ನೇಗಿಲಿನ ಕಲ್ಟಿವೇಟರಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಉಳುಮೆ ಹೊಡೆಸಿ, ಮೇಲೆ ಬಂದ ಬೇರನ್ನೆಲ್ಲ ಆರಿಸಿ ತೆಗೆಯಿರಿ. ರೋಟವೇಟರನ್ನು ಅದಾದ ಮೇಲೆಯೇ ಇಳಿಸಿ. ಬೇರು ಸುತ್ತಿಕೊಂಡು ಅದರ ಬ್ಲೇಡು ಮುರಿದರೆ ಟ್ರ್ಯಾಕ್ಟರಿನವನು ಬಾಡಿಗೆ ಜೊತೆ ಆ ದುಡ್ಡನ್ನೂ ನಿಮ್ಮ ಹತ್ತಿರವೇ ಕೇಳುತ್ತಾನೆ.