ಟ್ರಮುಂಟಾನಾ ಸುಣ್ಣಕಲ್ಲಿಗೆ ಮೆತ್ತನೆ ಸೋಲ್: ನನ್ನ ಅನುಭವ

ಸ್ಪೇನಿನ ಮಯೋರ್ಕಾ ದ್ವೀಪದ ಟ್ರಮುಂಟಾನಾ ಬೆಟ್ಟಸಾಲಿಗೆ ಗಟ್ಟಿ ಬೂಟೇ ಬೇಕು, ಅಪ್ರೋಚ್ ಶೂ (ಬಂಡೆ ಹತ್ತುವವರು ಹಾಕುವ, ಮೆತ್ತನೆ ರಬ್ಬರ್ ಸೋಲಿನ ನಡಿಗೆ ಶೂ) ಎರಡು ದಿನಕ್ಕೆ ಚಿಂದಿಯಾಗುತ್ತದೆ ಅಂತ ಹೇಳಿದವರೇ ಎಲ್ಲ. ಅದೇ ಶೂನಲ್ಲಿ ಈ ಸಾಲಿನುದ್ದದ ಚಾರಣ ದಾರಿ ಜಿಆರ್ 221 ಪೂರ್ತಿ ಮುಗಿದಿದೆ. ಸೋಲ್ ಇನ್ನೂ ಗಟ್ಟಿಮುಟ್ಟಾಗಿದೆ.

ಇಲ್ಲಿ ಕಾಲಿಗೆ ಸಿಗುವ ಕಲ್ಲು ಎರಡು ಥರ. ಒಂದು, ಮಳೆನೀರು ಕರಗಿಸಿ ಕೊರೆದ ಬಯಲು ಬಂಡೆ, ಏಣು ಗರಗಸದಂಥದು. ಇನ್ನೊಂದು, ಕಲ್ಲುಹಾಸಿನ ಹಳೇ ದಾರಿ, ಜನ ತುಳಿದು ತುಳಿದು ನುಣುಪಾದದ್ದು. ಏಣಿನ ಮೇಲೆ ಬೂಟಿಗೆ ತಕರಾರಿಲ್ಲ. ನುಣುಪಿನ ಮೇಲೆ, ಅದರಲ್ಲೂ ಇಬ್ಬನಿ ಬಿದ್ದ ಬೆಳಿಗ್ಗೆ, ಅದರ ಗಟ್ಟಿ ರಬ್ಬರ್ ಹಿಡಿಯುವುದೇ ಇಲ್ಲ. 1,205 ಮೀಟರ್ ಎತ್ತರದ ಕೊಲ್ ದೆಸ್ ಪ್ರಾತ್ ಕಣಿವೆದಾರಿ ದಾಟಿ ಲ್ಯುಕ್ ಮಠದ ಕಡೆ ಇಳಿಯುವಾಗ ಸುಮಾರು 200 ಯೂರೋ ಬೂಟು ದಂಡ ಅನ್ನಿಸಿತು. ಆಮೇಲೆ ತಂದ ಜಾಲರಿ ಬಟ್ಟೆಯ ಓಟದ ಶೂ ಹಿಡಿತದಲ್ಲಿ ಚೆನ್ನಾಗಿತ್ತು, ಆದರೆ ಕಿರುಬೆರಳಿನ ಪಕ್ಕ ಸೀಳಿಹೋಯಿತು. ಅಲ್ಲಿಗೆ ಇನ್ನೊಂದು ನೂರು ಹೋಯಿತು.

ಅಪ್ರೋಚ್ ಶೂ ಕೂಡ ಸೀಳುವುದು ಅಲ್ಲೇ, ಸೋಲ್ ಮತ್ತು ಮೇಲ್ಭಾಗ ಸೇರುವ ಗೆರೆಯಲ್ಲಿ. ಹೊಸದಿರುವಾಗಲೇ ಆ ಗೆರೆಯನ್ನು 80 ನಂಬರಿನ ಒರಟು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಪಾಲಿಯುರೆಥೇನ್ ಅಂಟನ್ನು ಒಂದು ಬೆರಳಗಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದರೆ ಶೂ ಬಾಗುವ ಕಡೆ ಬಿರುಕು ಬಿಡುತ್ತದೆ. ತೆಳ್ಳಗೆ ಎರಡು ಪದರ, ನಡುವೆ ಒಂದು ದಿನದ ಬಿಡುವು. ಎರಡನೇ ಪದರಕ್ಕೆ ಒಂದು ಪುಡಿ ಬೆರೆಸುತ್ತೇನೆ, ಯಾವುದು ಅಂತ ಮಾತ್ರ ಕೇಳಬೇಡಿ. ಒಂದು ಟ್ಯೂಬ್ ಹತ್ತು ಯೂರೋ ಆಸುಪಾಸು, ಎರಡು ಜೊತೆಗೆ ಸಾಕು.

ಏಣು ಬಂಡೆ ಶುರುವಾದ ಕೂಡಲೇ ಚಾರಣದ ಕೋಲು ಮಡಚಿ ಚೀಲಕ್ಕೆ ಹಾಕಿಬಿಡಿ. ತುದಿ ಸಂದಿಗೆ ಸಿಕ್ಕಿತೆಂದರೆ ಮೈಭಾರಕ್ಕೆ ಕೋಲೇ ಮುರಿಯುತ್ತದೆ. ಹುಲ್ಲಿನ ದೊಡ್ಡ ದೊಡ್ಡ ಪೊದೆಗಳ ಮೇಲೆ ಕಾಲಿಡಬೇಡಿ, ಅಡಿಯಲ್ಲಿ ಗುಂಡಿ ಇರುತ್ತದೆ.

ನಡುವೆ ಕುಡಿಯುವ ನೀರಿನ ಫಿಲ್ಟರಿನ ಮೇಲೂ ಒಂದು ಪ್ರಯೋಗ ನಡೆಯಿತು. ಬಿದ್ದ ಮಳೆಯನ್ನೆಲ್ಲ ಕಲ್ಲೇ ನುಂಗುವುದರಿಂದ ಮೇಲ್ಗಡೆ ಹರಿಯುವ ನೀರು ಅಪರೂಪ. ಕೂಬರ್ ಜಲಾಶಯದ ಹತ್ತಿರ ಮೂರು ಲೀಟರ್ ಹೊತ್ತು ಹೊರಟರೆ ಮುಂದಿನ ಭರವಸೆ ಫೊಂತ್ ದೆಸ್ ಪ್ರಾತ್ ಚಿಲುಮೆ. ನೀರು ಗಡಸು. ಒಂದೆರಡು ವಾರ ಒಣಗಿಸಿಟ್ಟ ಫಿಲ್ಟರಿನೊಳಗೆ ಸುಣ್ಣ ಕಟ್ಟಿ ಹರಿವು ಅರ್ಧಕ್ಕೆ ಇಳಿದಿತ್ತು. ನೀರನ್ನು ಎಷ್ಟು ಹಿಂದುಮುಂದಾಗಿ ತಳ್ಳಿ ತೊಳೆದರೂ ಬಗ್ಗಲಿಲ್ಲ. ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ತೊಳೆದ ಮೇಲೆ ಹೊಸದರ ಹಾಗಾಯಿತು.

ಈ ಶೂ ನಂಬಿ ತೊರೆಂತ್ ದೆ ಪಾರೆಯ್ಸ್ ಕಮರಿಗೆ ಮಳೆಯ ಬೆನ್ನಲ್ಲೇ ಇಳಿಯಬೇಡಿ. ಒದ್ದೆಯಾದ ಆ ಬಂಡೆಗಳ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ, ನೀರು ಏರಿದರೆ ಪಕ್ಕಕ್ಕೆ ಹತ್ತಲು ಜಾಗವೂ ಇಲ್ಲ. ಮಸ್ಸನೇಯಾ ಶಿಖರಕ್ಕೆ ಕೊಲ್ ದೆ ಸಾ ಬತಾಯಾ ಕಡೆಯಿಂದ ಹತ್ತುವವರು ಚಿಲ್ಲರೆ ಇಟ್ಟುಕೊಳ್ಳಿ. ಅದು ಖಾಸಗಿ ಜಮೀನು, ತಲೆಗೆ ಆರು ಯೂರೋ ಕೊಟ್ಟ ನೆನಪು.