ಪ್ಯಾಡ್ ಜಾಸ್ತಿ ಇರುವ ಡೌನ್‌ಟೆಂಪೋ ಟ್ರ್ಯಾಕಿಗೆ ಕೀ ಲಾಕ್ ಬೇಡ

ಡಿಜೆ ಆಗಿ ಉದ್ದುದ್ದ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂತ್ ಸ್ವರ) ಇರುವ ನಿಧಾನದ ಟ್ರ್ಯಾಕ್ ಮಿಕ್ಸ್ ಮಾಡುವಾಗ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಸೌಲಭ್ಯ) ಆಫ್ ಮಾಡಿ, ವೇಗವನ್ನು ಶೇ 6ರಷ್ಟು ಏರಿಸಿ, ಕೀ (ಟ್ರ್ಯಾಕಿನ ಆಧಾರ ಶ್ರುತಿ) ಅರ್ಧ ಸ್ವರ ಮೇಲೆ ಹೋಯಿತು ಅಂತ ಲೆಕ್ಕ ಹಾಕಿಕೊಳ್ಳಿ. ಕೀಗಳಿಗೆ 1ರಿಂದ 12ರ ಅಂಕಿ ಮತ್ತು ಎ (ಮೈನರ್), ಬಿ (ಮೇಜರ್) ಅಕ್ಷರ ಕೊಡುವ ಕ್ಯಾಮೆಲಾಟ್ ಚಕ್ರದಲ್ಲಿ ಅದು 7 ಮನೆ ಮುಂದೆ, 12 ಆದ ಮೇಲೆ ಮತ್ತೆ 1. 85 ಬಿಪಿಎಂನ (ನಿಮಿಷಕ್ಕೆ 85 ಬೀಟ್) ಎ ಮೈನರ್ ಟ್ರ್ಯಾಕ್, ಅಂದರೆ 8ಎ, 90ಕ್ಕೆ ಏರಿದಾಗ 3ಎ ಆಗುತ್ತದೆ. ಆಗ 2ಎ, 3ಎ, 4ಎ, 3ಬಿ ಯಾವ ಕೀಯ ಟ್ರ್ಯಾಕಾದರೂ ಅದರ ಜೊತೆ ಕೂಡುತ್ತದೆ. ಕೀ ಲಾಕ್ ಧ್ವನಿಯನ್ನು ಚೂರು ಮಾಡಿ ಮತ್ತೆ ಅಂಟಿಸುತ್ತದೆ, ಅಲ್ವಾ? ಡ್ರಮ್ ನಡುವೆ ಆ ಅಂಟು ಅಷ್ಟಾಗಿ ಕೇಳಿಸುವುದಿಲ್ಲ. ಎಳೆದ ಪ್ಯಾಡಿನಲ್ಲಿ ಗುಳುಗುಳು ಅನ್ನುತ್ತದೆ. ಶೇ 3ಕ್ಕೆ ನಿಲ್ಲಿಸಿದರೆ ಮಾತ್ರ ಕೆಟ್ಟಿತು: ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು ಯಾವುದಕ್ಕೂ ಶ್ರುತಿ ಸೇರುವುದಿಲ್ಲ. ಹಾಡುವ ದನಿ ಇದ್ದರೂ ಹೀಗೆ ಕೀ ಲಾಕ್ ಆಫ್ ಮಾಡಿ ಏರಿಸುವುದು ಬೇಡ, ಕೀರಲು ಕೀರಲಾಗಿ ಕೇಳುತ್ತದೆ. ಇನ್ನು ಬರೀ ಡ್ರೋನ್ (ಒಂದೇ ಸಮನೆ ಎಳೆಯುವ ನಾದ) ಇರುವ ಟ್ರ್ಯಾಕಿಗೆ ಸಾಫ್ಟ್‌ವೇರ್ ತೋರಿಸುವ ಕೀಯನ್ನು ಸುಮ್ನೆ ನಂಬಬೇಡಿ. ಮೇಜರೋ ಮೈನರೋ ಅಂತ ಅದಕ್ಕೇ ಗೊಂದಲ. ಹೆಡ್‌ಫೋನ್ ಒಂದು ಕಿವಿಗೆ ಹಾಕಿ, ತಂಬೂರಿಗೆ ಶ್ರುತಿ ಹಿಡಿಯುವ ಹಾಗೆ ಬೇಸ್ ಸ್ವರವನ್ನು ಗುನುಗಿ ನೋಡಿ.