ಸಾಯುತ್ತಿದ್ದ 1 ಟಿಬಿ ಡಿಸ್ಕನ್ನು 480 ಜಿಬಿ ಎಸ್‌ಎಸ್‌ಡಿಗೆ ಇಳಿಸಿದ್ದು

"ಅದರ ಕತೆ ಮುಗೀತು, ಸುಮ್ನೆ ಹೊಸದಾಗಿ ವಿಂಡೋಸ್ ಹಾಕ್ಕೋ." ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸಾಯುತ್ತಿದೆ, ಅದರಲ್ಲಿರೋದನ್ನೆಲ್ಲ ಹಾಗೇ ಹೊಸ ಡಿಸ್ಕಿಗೆ ತರಬಹುದಾ ಅಂತ ನಾನು ಕೇಳಿದಾಗ ಎಲ್ಲರೂ ಹೇಳಿದ್ದು ಇದನ್ನೇ. ಅದೇ ಹಳೇ ವಿಂಡೋಸ್ ಈಗ ಎಸ್‌ಎಸ್‌ಡಿ ಮೇಲೆ ನಾಲ್ಕು ತಿಂಗಳಿಂದ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸದಾಗಿ ಹಾಕೋದು ಸುಲಭ, ನನಗೂ ಗೊತ್ತು. ಆದರೆ ನನ್ನ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿದವರು ಬಾಗಿಲು ಹಾಕಿ ವರ್ಷಗಳಾದವು. ಒಮ್ಮೆ ಕಂಪ್ಯೂಟರಿಂದ ತೆಗೆದುಹಾಕಿದರೆ ಮತ್ತೆ ಆಕ್ಟಿವೇಟ್ ಆಗಲ್ಲ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ರಿಪೋರ್ಟಿನಲ್ಲಿ, 197 ಅನ್ನೋ ನಂಬರಿನ ಸಾಲಿನಲ್ಲಿ, ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲು ಬಾರದ, ಡಿಸ್ಕಿನ ಚಿಕ್ಕ ತುಂಡುಗಳು) ಮೊದಲ ದಿನ 24 ಇತ್ತು. ನಾನು ಜಾಣತನ ತೋರಿಸಲು ಹೋಗಿ, ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದೆ. ಸಂಜೆಗೆ ನೂರು ದಾಟಿತ್ತು. ಸಾಯೋ ಡಿಸ್ಕಿನ ಮೇಲೆ ರಿಪೇರಿ ಮಾಡಬಾರದು ಅಂತ ಬೇರೆಯವರಿಗೆ ಹೇಳುವವನು ನಾನೇ!

ಆಮೇಲೆ ದುಡ್ಡು ಕಳೆದುಕೊಂಡೆ. ಒಂದು ವರ್ಷದ ಲೈಸೆನ್ಸಿಗೆ ದುಡ್ಡು ಕೊಟ್ಟು, ಒಂದು ಡಿಸ್ಕನ್ನು ಇನ್ನೊಂದಕ್ಕೆ ಹಾಗೇ ನಕಲು ಮಾಡುವ ಕ್ಲೋನಿಂಗ್ ಸಾಫ್ಟ್‌ವೇರ್ ತಗೊಂಡೆ, ಹೆಚ್ಚುಕಡಿಮೆ ಎಸ್‌ಎಸ್‌ಡಿಯ ಅರ್ಧ ಬೆಲೆ. 31 ಪರ್ಸೆಂಟಿಗೆ ನಿಂತಿತು. ಮತ್ತೆ ಓಡಿಸಿದೆ, ಮತ್ತೆ ಅಲ್ಲೇ. ಡೇಟಾ ರಿಕವರಿಯವರನ್ನು ಕೇಳಿದರೆ, ಅವರು ಹೇಳಿದ ಮೊತ್ತಕ್ಕೆ ಇಂಥ ಕಂಪ್ಯೂಟರೇ ಇನ್ನೊಂದು ಬರುತ್ತಿತ್ತು.

ಕೊನೆಗೆ ಲಿನಕ್ಸ್ ಲೈವ್ ಪೆನ್‌ಡ್ರೈವ್ (ಕಂಪ್ಯೂಟರಿನ ಡಿಸ್ಕ್ ಬೇಕಿಲ್ಲದೆ ಪೆನ್‌ಡ್ರೈವಿಂದಲೇ ಓಡುವ ಲಿನಕ್ಸ್) ಮತ್ತು ಕೆಟ್ಟ ಡಿಸ್ಕಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ. ಡಿಸ್ಕಿಂದ ಡಿಸ್ಕಿಗಲ್ಲ, ಗೆಳೆಯನ 2 ಟಿಬಿ ಡ್ರೈವ್ ಕೇಳಿ ತಂದು ಅದಕ್ಕೆ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು ಒಂದೇ ಫೈಲಾಗಿ. ಮೊದಲ ಸಲ ಮ್ಯಾಪ್‌ಫೈಲನ್ನು (ಎಲ್ಲಿ ಓದಿ ಆಯ್ತು, ಎಲ್ಲಿ ಬಾಕಿ ಅನ್ನೋ ದಾಖಲೆ) ಲೈವ್ ಸೆಷನ್ನಿನ ಹೋಮ್ ಫೋಲ್ಡರಿನಲ್ಲಿ ಇಟ್ಟಿದ್ದೆ. ಹನ್ನೊಂದು ಗಂಟೆ ಓಡಿದ ಮೇಲೆ ಕರೆಂಟ್ ಹೋಯ್ತು. ಆ ಫೋಲ್ಡರ್ ಇರೋದು ರ‍್ಯಾಮಿನಲ್ಲಿ ಅಲ್ವಾ? ಮ್ಯಾಪ್ ಹೋಯ್ತು. ಇಮೇಜಿನಿಂದಲೇ ಅಂದಾಜು ಮ್ಯಾಪ್ ಕಟ್ಟುವ ಜನರೇಟ್ ಮೋಡ್ ಇದೆ ಅಂತ ಗೊತ್ತಾಗಿದ್ದು ಎಲ್ಲ ಅಳಿಸಿ ಮತ್ತೆ ಶುರು ಮಾಡಿದ ಮೇಲೆ.

ಎರಡನೇ ಸಲ ಮ್ಯಾಪ್ ಬೇರೆ ಪೆನ್‌ಡ್ರೈವಿಗೆ. ಮೈನಸ್ ಎನ್ ಅನ್ನೋ ಆಪ್ಶನ್ ಹಾಕಿ ಮೊದಲ ಸುತ್ತು, ಸುಲಭವಾಗಿ ಬಂದದ್ದಷ್ಟೇ ಬರಲಿ ಅಂತ. ಆಮೇಲೆ ಮೈನಸ್ ಡಿ (ಡಿಸ್ಕನ್ನು ನೇರವಾಗಿ ಓದಲು), ಮೈನಸ್ ಆರ್ 3 (ಕೆಟ್ಟ ಜಾಗಗಳನ್ನು ಇನ್ನೂ ಮೂರು ಸಲ ಪ್ರಯತ್ನಿಸಲು). ಉಳಿದದ್ದಕ್ಕೆ ಮೈನಸ್ ದೊಡ್ಡ ಆರ್, ಡಿಸ್ಕಿನ ಕೊನೆಯಿಂದ ಶುರುವಿನ ಕಡೆಗೆ. ಉಲ್ಟಾ ಓದಿಸಿದಾಗ ಒಂದಷ್ಟು ಸೆಕ್ಟರ್ ಸಿಕ್ಕವು. ಸುತ್ತುಗಳ ನಡುವೆ ಡಿಸ್ಕಿಗೆ ಇನ್ನೊಂದು ಉಪಚಾರ ಮಾಡಿದೆ, ಅದನ್ನು ಇಲ್ಲಿ ಬರೆಯಲ್ಲ. ಓದಿದವರು ಮಾಡಿ ಡಿಸ್ಕ್ ಹಾಳಾದರೆ ನನ್ನನ್ನೇ ಬೈತೀರಿ. ಎರಡೂವರೆ ದಿನ ಹಿಡಿಯಿತು. ಬರದೇ ಉಳಿದದ್ದು ಸುಮಾರು 70 ಕೆಬಿ.

ಆ 70 ಕೆಬಿ ಯಾವ ಫೈಲಿನದು? ಇದಕ್ಕೆ ಒಂದು ಇಡೀ ಭಾನುವಾರ ಹೋಯ್ತು. ಇಮೇಜಿನ ಇನ್ನೊಂದು ಪ್ರತಿ ಮಾಡಿ, ಡಿಡಿರೆಸ್ಕ್ಯೂನ ಫಿಲ್ ಮೋಡಿನಲ್ಲಿ ಓದಲು ಬಾರದ ಜಾಗಗಳಲ್ಲೆಲ್ಲ ಒಂದು ವಿಚಿತ್ರ ಪದ ತುಂಬಿಸಿ, ಫೈಲುಗಳಲ್ಲಿ ಆ ಪದ ಹುಡುಕಿದೆ. ಸಿಕ್ಕಿದ್ದು ಎರಡು ವೀಡಿಯೋ, ಒಂದು ಹಳೇ ಅಪ್‌ಡೇಟ್ ಫೈಲು. ಲೆಕ್ಕಪತ್ರ ಸುರಕ್ಷಿತ.

ಇನ್ನೊಂದು ಎದೆ ನಡುಗಿಸಿದ ಕತೆ. ಇಮೇಜ್ ಇದ್ದ 2 ಟಿಬಿ ಡ್ರೈವನ್ನು ಯುಎಸ್‌ಬಿ ಡಬ್ಬಿಯಿಂದ ಬಿಚ್ಚಿ, ವೇಗ ಸಿಗಲಿ ಅಂತ ಕಂಪ್ಯೂಟರಿನ ಒಳಗಿನ ಸಾಟಾ ಕೇಬಲ್ಲಿಗೆ ನೇರ ಹಾಕಿದೆ. ಪಾರ್ಟಿಶನ್ನೇ ಇಲ್ಲ! ಡ್ರೈವ್ ಪೂರ್ತಿ ಖಾಲಿ ಅನ್ನೋ ಥರ. ಹತ್ತು ನಿಮಿಷ ಸುಮ್ಮನೆ ಕೂತೆ. ಆಮೇಲೆ ಹೊಳೆಯಿತು. ಕೆಲವು ಡಬ್ಬಿಗಳು ಸೆಕ್ಟರ್ 512 ಬೈಟ್ ಬದಲು 4096 ಅಂತ ಹೇಳುತ್ತವೆ. ಪಾರ್ಟಿಶನ್ ಟೇಬಲ್ (ಯಾವ ಪಾರ್ಟಿಶನ್ ಎಲ್ಲಿದೆ ಅನ್ನೋ ಪಟ್ಟಿ) ಬರೆದದ್ದು ಆ 4096ರ ಲೆಕ್ಕದಲ್ಲಿ. ಮತ್ತೆ ಅದೇ ಡಬ್ಬಿಗೆ ಹಾಕಿದೆ, ಎಲ್ಲ ಇದ್ದಲ್ಲೇ ಇತ್ತು.

1 ಟಿಬಿಯ ಪಾರ್ಟಿಶನ್ 480 ಜಿಬಿಯಲ್ಲಿ ಹಿಡಿಯುವಂತೆ ಕುಗ್ಗಿಸುವ ಕೆಲಸ ಇಮೇಜಿನ ಮೇಲೆಯೇ. ಬಳಕೆಯಲ್ಲಿದ್ದದ್ದು ಸುಮಾರು 210 ಜಿಬಿ, ಹಾಗಾಗಿ ಜಾಗದ ಚಿಂತೆ ಇರಲಿಲ್ಲ. ವಿಂಡೋಸ್ ಪಾರ್ಟಿಶನ್ ಕುಗ್ಗಿಸುವ ಎನ್‌ಟಿಎಫ್‌ಎಸ್‌ರಿಸೈಜ್ ಮೊದಲು ಚೆಕ್‌ಡಿಸ್ಕ್ ಮಾಡಿಕೊಂಡು ಬಾ ಅಂತು. ಇಮೇಜನ್ನೇ ಡಿಸ್ಕ್ ಅಂತ ವರ್ಚುವಲ್ ಮೆಷೀನಿಗೆ (ಸಾಫ್ಟ್‌ವೇರಿನೊಳಗೆ ಓಡುವ ಕಂಪ್ಯೂಟರ್) ಕೊಟ್ಟು ಅಲ್ಲಿ ಮಾಡಿಸಿದೆ. ಮತ್ತೆ ತಗಾದೆ, ಕೆಟ್ಟ ಸೆಕ್ಟರ್ ಇವೆ ಅಂತ. ಅದಕ್ಕೆ ಬೇರೆ ಆಪ್ಶನ್ ಇದೆ, ಕೊಟ್ಟೆ. ಎಸ್‌ಎಸ್‌ಡಿಯಲ್ಲಿ ಹೊಸ ಜಿಪಿಟಿ (ಪಾರ್ಟಿಶನ್ ಟೇಬಲ್), ಇಎಫ್‌ಐ ಪಾರ್ಟಿಶನ್ (ಬೂಟ್ ಫೈಲುಗಳ ಜಾಗ), ಇಮೇಜಿನಿಂದ ಕುಗ್ಗಿಸಿದ ಸಿ ಡ್ರೈವ್. ರಿಕವರಿ ಪಾರ್ಟಿಶನ್ ತರಲಿಲ್ಲ. ಬೂಟ್ ಫೈಲುಗಳನ್ನು ಹೊಸದಾಗಿ ಹಾಕುವ ಬಿಸಿಡಿಬೂಟ್ ಓಡಿಸಿದೆ, ಬೂಟ್ ಆಯ್ತು.

ಲೆಕ್ಕಪತ್ರದ ಸಾಫ್ಟ್‌ವೇರ್ ಏನೂ ಕೇಳದೆ ತೆರೆದುಕೊಂಡಿತು. ಖುಷಿಯಲ್ಲಿ ಎಲ್ಲರಿಗೂ ಫೋನ್ ಮಾಡಿದೆ. ಆಮೇಲೆ ನೋಡಿದರೆ ಎಸ್‌ಎಸ್‌ಡಿಯಲ್ಲಿ ಕೆಲವು ಕ್ಲಸ್ಟರುಗಳು (ಸೆಕ್ಟರುಗಳ ಗುಂಪು) ಕೆಟ್ಟಿವೆ ಅಂತ ವಿಂಡೋಸ್ ತೋರಿಸುತ್ತಿದೆ! ಹಳೇ ಡಿಸ್ಕಿನ ಕೆಟ್ಟ ಜಾಗದ ಪಟ್ಟಿ ಇಮೇಜಿನ ಜೊತೆಗೇ ಬಂದಿತ್ತು. ಚೆಕ್‌ಡಿಸ್ಕಿಗೆ ಆ ಪಟ್ಟಿಯನ್ನು ಮತ್ತೆ ಪರೀಕ್ಷಿಸುವ ಸ್ಲ್ಯಾಶ್ ಬಿ ಕೊಟ್ಟು ಓಡಿಸಿದೆ, ಸೊನ್ನೆಗೆ ಬಂತು. ಫೋನ್ ಮಾಡಿದ್ದವರಿಗೆ ಇದನ್ನು ಹೇಳಲಿಲ್ಲ.